ಆಸ್ತಮಾ ಇರುವವರು ಇಜೆನ್ ಕುಳಿಗೆ ಇಳಿಯಬಹುದೇ?

ಸ್ಕಂದಗಿರಿಯನ್ನು ರಾತ್ರಿ ಹತ್ತಿ ಅಭ್ಯಾಸವಿರುವ ನೀವು, ಆಸ್ತಮಾ ಇರುವ ತಂಗಿಯನ್ನು ಜಾವಾದ ಇಜೆನ್ ಜ್ವಾಲಾಮುಖಿಗೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅವರನ್ನು ಕುಳಿಯೊಳಗೆ ಇಳಿಸಬೇಡಿ. ಚಾರಣ ಶುರುವಾಗುವ ಪಾಲ್ಟುಡಿಂಗ್‌ನಿಂದ ಕುಳಿಯ ಅಂಚಿನವರೆಗಿನ ಸುಮಾರು 3 ಕಿಲೋಮೀಟರ್ ಏರುದಾರಿ ಬೆಂಗಳೂರಿನ ಸುತ್ತಲಿನ ಬೆಟ್ಟಗಳನ್ನು ಹತ್ತಿದವರಿಗೆ ದೊಡ್ಡದಲ್ಲ, ಅಪಾಯವಿರುವುದು ಗಾಳಿಯಲ್ಲಿ. ಕುಳಿಯಿಂದ ಹೊಮ್ಮುವ ಸಲ್ಫರ್ ಡೈಆಕ್ಸೈಡ್ ಅನಿಲ ಅಲ್ಪ ಪ್ರಮಾಣದಲ್ಲಿದ್ದರೂ ಆಸ್ತಮಾ ಇರುವವರ ಶ್ವಾಸನಾಳಗಳನ್ನು ಕೆಲವೇ ನಿಮಿಷಗಳಲ್ಲಿ ಬಿಗಿಯಾಗಿಸುತ್ತದೆ, ಏದುಸಿರು ಬಿಡುತ್ತಾ ನಡೆಯುವಾಗಲಂತೂ ಇನ್ನೂ ಬೇಗ. 2018ರ ಮಾರ್ಚ್‌ನಲ್ಲಿ ಅನಿಲ ಹೊಮ್ಮಿದಾಗ ಸುತ್ತಲಿನ ಹಳ್ಳಿಗಳ ಜನರೇ ಆಸ್ಪತ್ರೆ ಸೇರಿದ್ದರು.

ನಾನು ಇಳಿದಿದ್ದಾಗ ಗಾಳಿ ಒಮ್ಮೆಲೇ ದಿಕ್ಕು ಬದಲಿಸಿ, ಬಿಳಿ ಹೊಗೆ ನಮ್ಮನ್ನು ಮುಚ್ಚಿತು. ಬಿದಿರಿನ ಬುಟ್ಟಿಗಳಲ್ಲಿ ಹಳದಿ ಗಂಧಕ ಹೊತ್ತು ಬರುತ್ತಿದ್ದ ಕಾರ್ಮಿಕರೊಬ್ಬರು ಕೆಮ್ಮುತ್ತಲೇ ನಮಗೆ ದಾರಿ ತೋರಿಸಿದರು. ಒದ್ದೆ ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಈ ಅನಿಲವನ್ನು ತಡೆಯುವುದಿಲ್ಲ. ಆಮ್ಲ ಅನಿಲದ ಫಿಲ್ಟರ್ ಇರುವ ಮಾಸ್ಕ್ ಬೇಕು, ಆದರೆ ಅದರೊಳಗೆ ಉಸಿರೆಳೆಯುವುದೂ ಶ್ರಮವೇ.

ವೈದ್ಯರು ಒಪ್ಪಿದರೆ, ಗಾಳಿ ಅನುಕೂಲವಾಗಿದ್ದರೆ, ಬೆಳಗಾದ ಮೇಲೆ ಅಂಚಿನಿಂದ ಹಸಿರು ನೀಲಿಯ ಆಮ್ಲ ಸರೋವರವನ್ನು ನೋಡಿ ಬನ್ನಿ. ಇನ್‌ಹೇಲರ್ ಬ್ಯಾಗಿನ ತಳದಲ್ಲಿರದೆ ತಂಗಿಯ ಜೇಬಿನಲ್ಲೇ ಇರಲಿ.