ಬೋರ್ಡೋ ಹೊಡೆದರೂ ಅಡಿಕೆಗೆ ಕೊಳೆ ಬಂತು, ಈಗ ಯಾವ ಹೊಸ ಔಷಧಿ ಹೊಡೆಯಲಿ?

ಹೊಸದು ಯಾವುದೂ ಬೇಡ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಮಾಡುವ ಬೋರ್ಡೋನೇ ಸಾಕು. ನಾನೂ ಹಿಂದೆ ಇದನ್ನೇ ಕೇಳಿಕೊಂಡು ಅಂಗಡಿ ಅಂಗಡಿ ಸುತ್ತಿದವನು. "ಬೋರ್ಡೋ ಕಾಲ ಮುಗೀತು, ಇದನ್ನ ಹೊಡೀರಿ" ಅಂತ ಎಲ್ಲರೂ ಒಂದೊಂದು ಬಾಟ್ಲಿ ತೋರಿಸಿದ್ದರು. ತಪ್ಪು ಬೋರ್ಡೋದಲ್ಲಿ ಇರಲಿಲ್ಲ, ನಾನು ಮಾಡಿಸಿದ ದ್ರಾವಣದಲ್ಲಿತ್ತು.

ನಮ್ಮದು ತೀರ್ಥಹಳ್ಳಿ ಕಡೆ ತೋಟ. ಆ ವರ್ಷ ಮಳೆ ಹಿಡಿಯುವ ಮುಂಚೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಕ್ಕಿದ್ದೇ ಪುಣ್ಯ ಅಂತ ಗಡಿಬಿಡಿಯಲ್ಲಿ ಕಲಸಿದೆವು. ಲೆಕ್ಕ ಸರಿಯಾಗೇ ಇತ್ತು, 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಆದರೆ ಸುಣ್ಣ ಹಿಂದಿನ ವರ್ಷದ್ದು, ಬಾಯಿ ಬಿಚ್ಚಿಟ್ಟ ಚೀಲದ್ದು. ಗಾಳಿ ತಾಗಿ ತಾಗಿ ಸುಣ್ಣ ಸತ್ತಿರುತ್ತದೆ. ತೂಕಕ್ಕೆ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಮೈಲುತುತ್ತದ ಹುಳಿ ಪೂರ್ತಿ ಮುರಿಯಲಿಲ್ಲ. ಹುಳಿ ಉಳಿದರೆ ಎಳೆಕಾಯಿ ಸುಡುತ್ತದೆ, ತಾಮ್ರ ಕಾಯಿಗೆ ಅಂಟದೆ ಮಳೆಯಲ್ಲಿ ತೊಳೆದುಹೋಗುತ್ತದೆ. ಆರಿದ್ರಾ ಮಳೆ ಬಿಡದೆ ಹೊಡೆಯಿತು. ಪುನರ್ವಸು ಹೊತ್ತಿಗೆ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ, ಮರದ ಬುಡದಲ್ಲೆಲ್ಲ ಬಿಳಿ ಬೂಸ್ಟು ಹಿಡಿದ ಕಾಯಿ. ಅರ್ಧ ಫಸಲೂ ಅಂಗಳಕ್ಕೆ ಬರಲಿಲ್ಲ.

ಕತ್ತಿ ಅದ್ದಿ ನೋಡಿದ್ದರೆ ಸಾಕಿತ್ತು. ಉಜ್ಜಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಇನ್ನೂ ಹುಳಿ ಇದೆ ಅಂತ. ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ, ಕೆಂಪು ಕೂರದ ತನಕ. ಇದನ್ನು ಪ್ರತಿ ಡ್ರಮ್ಮಿಗೂ ಮಾಡಬೇಕು, ಬೆಳಿಗ್ಗೆ ಒಂದಕ್ಕೆ ನೋಡಿ ಸುಮ್ನೆ ಬಿಡುವುದಲ್ಲ. ಸುಣ್ಣ ಹೊಸದಾಗಿ ಅರಳಿಸಿದ್ದು ಬೇಕು. ಮೈಲುತುತ್ತ 50 ಲೀಟರಿನಲ್ಲಿ, ಸುಣ್ಣ 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಎರಡನ್ನೂ ಒಟ್ಟಿಗೆ ಮೂರನೇ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯುತ್ತಾ ಕದಡಿ. ಕಬ್ಬಿಣದ ಡ್ರಮ್ ಬೇಡವೇ ಬೇಡ. ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು, ನಾಳೆಗೆ ಉಳಿದರೆ ಅಂಟು ಹೋಯಿತು.

ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೇ ಕೊಳೆರೋಗದ ಬೆನ್ನು ಹತ್ತಿದ್ದರು. ಅವತ್ತಿನಿಂದ ಮಲೆನಾಡನ್ನು ಕಾಯುತ್ತಿರುವುದು ಇದೇ ಬೋರ್ಡೋ. ಒಂದೇ ಜಾತಿಯ ಹೊಸ ಔಷಧಿಯನ್ನು ವರ್ಷ ವರ್ಷ ಹೊಡೆದರೆ ರೋಗ ಅದಕ್ಕೆ ಒಗ್ಗಿಕೊಳ್ಳುವ ಭಯ ಇದೆ, ತಾಮ್ರಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಹಾಗಂತ ಜಾಸ್ತಿ ಹೊಡೆಯಬೇಡಿ, ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ಮಳೆಗೆ ಮುಂಚೆ ಒಂದು ಸಲ, 40-45 ದಿನಕ್ಕೆ ಇನ್ನೊಂದು ಸಲ. ಮಳೆ ಎಳೆದುಕೊಂಡು ಹೋದರೆ ಮಾತ್ರ ಮೂರನೆಯದು.

ನಿಮಗೆ ಈಗ ಕೊಳೆ ಬಂದಾಗಿದೆ ಅಲ್ವಾ? ಮೊದಲು ಉದುರಿದ ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕಿ. ರೋಗ ಹಿಡಿದ ಕೊನೆ (ಅಡಿಕೆ ಗೊಂಚಲು), ಹೋದ ವರ್ಷದ ಒಣಗಿದ ಕೊನೆ ಎಲ್ಲ ಇಳಿಸಿ. ಅಲ್ಲೇ ಬಿಟ್ಟರೆ ಅದೇ ರೋಗ ಮರದ ಸುಳಿಗೆ ಇಳಿದು ಮರವನ್ನೇ ತಿನ್ನುತ್ತದೆ. ಬಸಿಗಾಲುವೆ ಕಟ್ಟಿಕೊಂಡಿದ್ದರೆ ಬಿಡಿಸಿ. ಮಳೆ ಒಂದು ದಿನ ಬಿಡುವು ಕೊಟ್ಟ ಕೂಡಲೇ, ಕತ್ತಿ ಅದ್ದಿ ನೋಡಿದ ಬೋರ್ಡೋವನ್ನು ರೋಗದ ಮರಕ್ಕೂ ಸುತ್ತಲಿನ ಚೆನ್ನಾಗಿರುವ ಮರಕ್ಕೂ ಹೊಡೆಸಿ.