ಒಂದು ತೊಡೆಯೆಲುಬು, ಎರಡು ತೂಕ

ಗದಗಿನ ಓದುಗರೊಬ್ಬರ ಪತ್ರ: “ಟಿರನೊಸಾರಸ್ ರೆಕ್ಸ್ ಎಂಬ ಡೈನೊಸಾರ್ 8.5 ಟನ್ ತೂಗುತ್ತಿತ್ತೆಂದು ನಿಮ್ಮ ಕಳೆದ ಸಂಚಿಕೆಯಲ್ಲಿತ್ತು. ಮನೆಯಲ್ಲಿರುವ ಹಳೆಯ ಪುಸ್ತಕದಲ್ಲಿ 6 ಟನ್ ಎಂದಿದೆ. ಯಾರೂ ತೂಗಿ ನೋಡದ ಪ್ರಾಣಿಯ ತೂಕವೆಂದರೆ ಬರೀ ಊಹೆಯಲ್ಲವೇ? ನಮ್ಮ ಕಪ್ಪತಗುಡ್ಡದಲ್ಲಿ ಅಗೆದರೆ ಇಂಥ ಎಲುಬು ಸಿಕ್ಕೀತೇ?”

ಸಂಪಾದಕರ ಉತ್ತರ:

ಮಾನ್ಯರೇ,

ಅಷ್ಟು ಅಂತರದ ಎರಡು ಅಂಕಿಗಳು ಒಂದೇ ಎಲುಬಿನಿಂದಲೂ ಬರಬಲ್ಲವು. 1990ರಲ್ಲಿ ಅಮೆರಿಕದ ಸೌತ್ ಡಕೋಟದಲ್ಲಿ ದೊರೆತು, ಈಗ ಶಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿರುವ ‘ಸ್ಯೂ’ ಎಂಬ ಟಿರನೊಸಾರಸ್ ರೆಕ್ಸ್ ಅಸ್ಥಿಪಂಜರದ ತೊಡೆಯೆಲುಬಿನ ಸುತ್ತಳತೆ ಸುಮಾರು 58 ಸೆಂ.ಮೀ. ಮೈಭಾರ ಹೊರುವ ಎಲುಬು ಆ ಭಾರಕ್ಕೆ ತಕ್ಕಂತೆ ದಪ್ಪವಾಗುತ್ತದೆ. ಇಂದು ಬದುಕಿರುವ ಪ್ರಾಣಿಗಳಲ್ಲಿ ಈ ಸಂಬಂಧವನ್ನು ಅಳೆದು ಸೂತ್ರ ಕಟ್ಟುತ್ತಾರೆ. 1985ರ ಸೂತ್ರದಲ್ಲಿ ಸ್ಯೂವಿನ ಅಳತೆಯನ್ನಿಟ್ಟರೆ 5.7 ಟನ್ನಿನ ಆಸುಪಾಸು ಬರುತ್ತದೆ, 2014ರ ಸೂತ್ರದಲ್ಲಿಟ್ಟರೆ 8.5 ಟನ್ನಿನ ಆಸುಪಾಸು. ಎರಡನೆಯದಕ್ಕೆ ಹೆಚ್ಚು ಪ್ರಾಣಿಗಳ ಅಳತೆಯ ಆಧಾರವಿರುವುದರಿಂದ ನಾನು ಅದನ್ನು ಒಪ್ಪುತ್ತೇನೆ. ಆದರೂ ಅದರ ಫಲಿತಾಂಶ ಶೇ 25ರಷ್ಟು ಹೆಚ್ಚುಕಡಿಮೆಯಾಗಬಹುದೆಂದು ಅದನ್ನು ರೂಪಿಸಿದವರೇ ತಿಳಿಸಿದ್ದಾರೆ. ಹೀಗೆ ಎಷ್ಟು ತಪ್ಪಬಹುದೆಂಬುದನ್ನೂ ಜೊತೆಗೇ ಹೇಳುವ ಲೆಕ್ಕವನ್ನು ಬರೀ ಊಹೆ ಎನ್ನಲು ನನ್ನ ಮನಸ್ಸು ಒಪ್ಪದು.

ಮೈಕಟ್ಟಿನ ವಿಷಯದಲ್ಲಿ ಮಾತ್ರ ತೊಡೆಯೆಲುಬನ್ನೇ ನಂಬಿ ಕೂರುವಂತಿಲ್ಲ. ಈ ಪ್ರಾಣಿಗಳ ಹೊಟ್ಟೆಯ ಗೋಡೆಯೊಳಗೆ, ಪಕ್ಕೆಲುಬುಗಳಿಂದ ಬೇರೆಯಾಗಿ, ತೆಳ್ಳನೆಯ ಎಲುಬುಗಳ ಸಾಲೊಂದಿತ್ತು. ಸ್ಯೂವಿನ ಪ್ರದರ್ಶನದಲ್ಲಿ ಬಹುಕಾಲ ಬಿಟ್ಟಿದ್ದ ಈ ಸಾಲನ್ನು 2018ರಲ್ಲಿ ಅಸ್ಥಿಪಂಜರವನ್ನು ಬಿಚ್ಚಿ ಬೇರೆಡೆಗೆ ಸಾಗಿಸಿ ಮರಳಿ ಜೋಡಿಸುವಾಗ ಸೇರಿಸಿದರು. ಸಪೂರವಾಗಿ ಕಾಣುತ್ತಿದ್ದ ಒಡಲು ಪೀಪಾಯಿಯಂತೆ ತುಂಬಿಕೊಂಡಿತು. ಹಕ್ಕಿಗಳಲ್ಲಿರುವಂಥ ಗಾಳಿಚೀಲಗಳು ಮೈಯೊಳಗೆ ಎಷ್ಟು ಜಾಗ ಹಿಡಿದಿದ್ದವು ಎಂಬುದರ ಮೇಲೂ ತೂಕ ಏರಿಳಿಯುತ್ತದೆ.

ಚೂರೊಂದೇ ಸಿಕ್ಕಾಗ ಕಷ್ಟ ಇನ್ನೂ ಹೆಚ್ಚು. 1995ರಲ್ಲಿ ಹೆಸರು ಪಡೆದ ಅರ್ಜೆಂಟೀನದ ಬೇಟೆಗಾರ ಡೈನೊಸಾರ್ ಜೈಗನೊಟೊಸಾರಸ್‌ನ ಮೊದಲ ಅಸ್ಥಿಪಂಜರ ಬಹುಪಾಲು ಸಿಕ್ಕಿದೆ. ಎರಡನೆಯ ಪ್ರಾಣಿಯದು ಕೆಳದವಡೆಯ ಒಂದು ತುಂಡು ಮಾತ್ರ, ಮೊದಲಿನದಕ್ಕಿಂತ ಶೇ 8ರಷ್ಟು ದೊಡ್ಡದೆಂದು ಅಂದಾಜು. ಇಡೀ ಪ್ರಾಣಿಯೂ ಅದೇ ಪ್ರಮಾಣದಲ್ಲಿ ಹಿರಿದೆಂದು ಭಾವಿಸಿದರೆ, ಉದ್ದ, ಅಗಲ, ಎತ್ತರ ಮೂರೂ ಬೆಳೆಯುವುದರಿಂದ, ತೂಕ ಶೇ 26ರಷ್ಟು ಏರುತ್ತದೆ. ಅಷ್ಟು ದೊಡ್ಡ ಮಾತನ್ನು ಒಂದು ದವಡೆಯ ತುಂಡಿನ ಮೇಲೆ ಹೇರುವುದು ನನಗೆ ಸರಿಕಾಣದು.

ಕಪ್ಪತಗುಡ್ಡದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಡೈನೊಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಆದ್ದರಿಂದ ಅಲ್ಲಿ ಅಂಥ ಎಲುಬು ಸಿಗಲಾರದು. ನಮ್ಮ ದೇಶದ ದೊಡ್ಡ ಬೇಟೆಗಾರ ಪ್ರಾಣಿಗಳಲ್ಲೊಂದಾದ ರಾಜಾಸಾರಸ್ ಸಿಕ್ಕಿದ್ದು ಗುಜರಾತಿನ ರಾಹಿಯೋಲಿಯಲ್ಲಿ. 2003ರಲ್ಲಿ ಹೆಸರಿಟ್ಟ ಈ ಪ್ರಾಣಿಯ ಉದ್ದವನ್ನು ಮೊದಲು 9 ಮೀಟರಿನವರೆಗೂ ಎಣಿಸಿದ್ದರು, ಅದರ ನಂಟಿನ ಪ್ರಾಣಿಗಳೊಡನೆ ಹೋಲಿಸಿದ ಮೇಲೆ ಅಂದಾಜು 6.6 ಮೀಟರಿಗೆ ಇಳಿಯಿತು. ಇನ್ನು ಮುಂದೆ ಇಂಥ ಯಾವುದೇ ಅಂಕಿಯ ಪಕ್ಕದಲ್ಲಿ, ಅದು ಯಾವ ಎಲುಬಿನಿಂದ, ಯಾವ ವರ್ಷದ ಲೆಕ್ಕದಿಂದ ಬಂದದ್ದು ಎಂಬುದನ್ನೂ ಅಚ್ಚುಮಾಡುತ್ತೇವೆ.

— ಸಂಪಾದಕ, ಹುಬ್ಬಳ್ಳಿ