ಓದುಗರ ಪ್ರಶ್ನೆ: ಅಮೃತಮಹಲ್ ಕಾವಲು, ಹುಣಸೂರಿನ ಕಸುಬು

ಪ್ರಶ್ನೆ: ನಮ್ಮದು ತರೀಕೆರೆ ಸೀಮೆಯ ಊರು. ಊರಾಚೆಯ ಹುಲ್ಲುಗಾವಲಿನ ಪಹಣಿಯಲ್ಲಿ ಇಂದಿಗೂ ‘ಅಮೃತಮಹಲ್ ಕಾವಲು’ ಎಂದೇ ಇದೆ. ಇದು ಬ್ರಿಟಿಷ್ ಸೈನ್ಯದ ದನಗಳಿಗೆ ಬಿಟ್ಟಿದ್ದ ನೆಲ ಎಂದು ಹಿರಿಯರು ಹೇಳುತ್ತಾರೆ. ದನ ಸಾಕಣೆಗೂ ಸೈನ್ಯಕ್ಕೂ ಏನು ಸಂಬಂಧ?

ಉತ್ತರ: ಹಿರಿಯರ ಮಾತು ಸರಿ, ಆದರೆ ಕಾವಲುಗಳು ಬ್ರಿಟಿಷರಿಗಿಂತ ಹಳೆಯವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೈದರಾಲಿ ಅದೇ ಹಿಂಡುಗಳ ಎತ್ತುಗಳನ್ನು ಫಿರಂಗಿ ಮತ್ತು ಸಾಮಾನು ಎಳೆಯಲು ಹೂಡಿದ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಮೇವು, ಗಣತಿ, ತಳಿ ಆಯ್ಕೆ ಎಲ್ಲಕ್ಕೂ ನಿಯಮ ಬರೆಸಿದ. ಚಿದಂಬರದ ರಕ್ಷಣೆಗೆ ಹೊರಟ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ, ಎಂದರೆ ಸುಮಾರು 160 ಕಿಲೋಮೀಟರ್, ನಡೆಯಿತೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ರೈಲು ಇಲ್ಲದ ಆ ಕಾಲದಲ್ಲಿ ತೋಪು ಎಷ್ಟು ಬೇಗ ಮುಂದೆ ಸಾಗುತ್ತದೆ ಎಂಬುದನ್ನು ನಿರ್ಧರಿಸುತ್ತಿದ್ದುದು ಎತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳನ್ನು ಮೈಸೂರು ಸರ್ಕಾರದ ವಶಕ್ಕೆ ಬಿಡಲಾಯಿತು. ಅವು ಸೊರಗುತ್ತಾ ಬಂದುದರಿಂದ 1813ರಲ್ಲಿ ಮದರಾಸು ಸೈನ್ಯದ ಕಮಿಸರಿಯೆಟ್ (ಸೈನ್ಯಕ್ಕೆ ಸರಕು ಸಾಮಗ್ರಿ ಒದಗಿಸುವ ಇಲಾಖೆ) ಅಧಿಕಾರಿ ಕ್ಯಾಪ್ಟನ್ ಹಾರ್ವೆ ಉಸ್ತುವಾರಿ ವಹಿಸಿಕೊಂಡ. ಹೊಸ ಆಡಳಿತ ಹೆಚ್ಚೇನೂ ಹೊಸದನ್ನು ಮಾಡಲಿಲ್ಲ. ಟಿಪ್ಪುವಿನ ನಿಯಮಗಳನ್ನೇ ಬಹುಮಟ್ಟಿಗೆ ಪಾಲಿಸಿತು. ನನ್ನ ದೃಷ್ಟಿಯಲ್ಲಿ ಆ ಅಧಿಕಾರಿಗಳ ಜಾಣತನವಿದ್ದುದೂ ಅಲ್ಲಿಯೇ.

ಆ ವ್ಯವಸ್ಥೆಯ ಜೀವಾಳವೇ ಕಾವಲು. ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಕಾವಲುಗಳನ್ನು ವಿಂಗಡಿಸಿ, ಹುಲ್ಲು ನೀರು ಇರುವ ಕಡೆಗೆ ಹಿಂಡನ್ನು ಹೊಡೆದುಕೊಂಡು ಹೋಗುತ್ತಿದ್ದರು; ಕೆರೆಯಂಗಳದ ಕಾವಲುಗಳನ್ನು ಬೇಸಿಗೆಗೆಂದೇ ಉಳಿಸಿಕೊಳ್ಳುವುದು ರೂಢಿಯಾಗಿತ್ತು. ಹಿಂಡು ಅದರ ಮೇಲ್ವಿಚಾರಕನಾದ ಸೇರ್ವೆಗಾರನ ಹೊಣೆ, ಮೇಯಿಸುವುದು ಗೊಲ್ಲರ ಕೆಲಸ. ಕೊಟ್ಟಿಗೆ ಕಾಣದೆ ಬಯಲಲ್ಲೇ ಬೆಳೆದ ಈ ದನ ಅರೆಕಾಡು ಸ್ವಭಾವದ್ದು. ಅಪರಿಚಿತರು ಹತ್ತಿರ ಹೋದರೆ ಕೋಡು ತಗ್ಗಿಸಿ ನಿಲ್ಲುವಂಥದ್ದು. ಆದ್ದರಿಂದ ಹೋರಿಗಳಿಗೆ ಬೀಜ ಒಡೆಸಿದ ಮೇಲೆ ದೊಡ್ಡಿಗೆ ಕೂಡಿ, ಹಗ್ಗ ಹಾಕಿ, ಗಟ್ಟಿ ಗೂಟಕ್ಕೆ ಕಟ್ಟಿ, ಕೊನೆಗೆ ಪಳಗಿದ ಹಳೆಯ ಎತ್ತಿನ ಜೋಡಿಯಾಗಿ ನೊಗಕ್ಕೆ ಹೂಡುತ್ತಿದ್ದರು. ಐದು ವರ್ಷಕ್ಕೆ ಎತ್ತು ಪೂರ್ಣ ಬೆಳೆದು, ಹನ್ನೆರಡರವರೆಗೆ ಕಸುವಿನಿಂದಿದ್ದು, ಹದಿನಾಲ್ಕು ಹದಿನೈದರವರೆಗೂ ದುಡಿಯುತ್ತದೆ ಎಂಬುದು ಅಂದಿನ ಲೆಕ್ಕ.

1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಈ ಸಂಸ್ಥೆಯನ್ನೇ ಮುಚ್ಚಿಸಿ ಹಿಂಡುಗಳನ್ನು ಮಾರಿಸಿದ. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತುಗಳ ಕೊರತೆ ತಟ್ಟಿ, 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಹಸು, ಹೋರಿ ಸಂತೆಯಲ್ಲಿ ಸಿಗುತ್ತವೆ. ತಲೆತಲಾಂತರದಿಂದ ಆಯ್ದು ಬೆಳೆಸಿದ ಹಿಂಡು ಸಿಗುವುದಿಲ್ಲ. ಖರ್ಚಿನ ಪಟ್ಟಿಯಲ್ಲಿ ಗೊಲ್ಲರ ಸಂಬಳ ಕಂಡಿತೇ ಹೊರತು ಈ ಆಸ್ತಿ ಕಾಣಲಿಲ್ಲ. 1880ರ ದಶಕದ ಆರಂಭದಲ್ಲಿ ಸಂಸ್ಥೆ ಮರಳಿ ಮೈಸೂರು ಸರ್ಕಾರಕ್ಕೆ ಬಂತು.

ಪ್ರಶ್ನೆ: ಹುಣಸೂರಿನಲ್ಲಿ ಹಿಂದೆ ಗಾಡಿ, ಬೂಟು, ಕಂಬಳಿ ಮಾಡುವವರು ಬಹಳ ಮಂದಿ ಇದ್ದರಂತೆ. ಒಂದು ಸಣ್ಣ ಪಟ್ಟಣಕ್ಕೆ ಇಷ್ಟು ಕಸುಬು ಹೇಗೆ ಬಂತು?

ಉತ್ತರ: ಇದಕ್ಕೂ ಮೇಲಿನ ಉತ್ತರಕ್ಕೂ ನೇರ ನಂಟಿದೆ. ಲಕ್ಷ್ಮಣತೀರ್ಥದ ದಡದ ಹುಣಸೂರು ಅಮೃತಮಹಲಿನ ಮುಖ್ಯ ಠಾಣೆಯಾಗಿತ್ತು. ಎತ್ತು ಇದ್ದಲ್ಲಿ ಗಾಡಿ, ಗಾಡಿಗೆ ಮರ, ಎತ್ತಿಗೆ ಮಿಣಿ, ಸಿಪಾಯಿಗೆ ಬೂಟು, ಚೀಲ, ಹೊದಿಕೆ ಬೇಕು. ಕಮಿಸರಿಯೆಟ್ ಇಲಾಖೆ ಅಲ್ಲಿಯೇ ಚರ್ಮ ಹದಮಾಡುವ ಕಾರ್ಖಾನೆ, ಉಣ್ಣೆ ಹೊದಿಕೆಯ ಕಾರ್ಖಾನೆ ಮತ್ತು ಮರದ ಅಡ್ಡೆ ನಡೆಸಿತು. ಕಾರ್ಖಾನೆಗಳು ಮುಚ್ಚಿದ ಮೇಲೂ ಅಲ್ಲಿ ಕೈ ಪಳಗಿದ ಬಡಗಿಗಳು, ಚರ್ಮದ ಕೆಲಸದವರು, ನೇಯುವವರು ಊರಿನಲ್ಲೇ ಉಳಿದರು. ಕೊಡಗಿನ ಕಾಫಿ ಈ ದಾರಿಯಲ್ಲೇ ಇಳಿಯುತ್ತಿದ್ದುದರಿಂದ ಗಾಡಿಗೆ ಗಿರಾಕಿ ತಪ್ಪಲಿಲ್ಲ.

ಉಣ್ಣೆಯ ವಿಷಯ ಬಂದುದರಿಂದ ಒಂದು ಮಾತು: ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಹೊರನಾಡಿನ ಮೆರಿನೊ ಟಗರುಗಳನ್ನು ತರಿಸಿ ನಾಡಕುರಿಯ ಉಣ್ಣೆ ಸುಧಾರಿಸುವ ಪ್ರಯತ್ನವೂ ನಡೆಯಿತು. ಅದು ನೆಲೆಯೂರಲಿಲ್ಲ. ಕುರುಬರ ಕರಿಕಂಬಳಿಗೆ ನಾಡಕುರಿಯ ಒರಟು ಉಣ್ಣೆಯೇ ಸಾಕಾಗಿತ್ತು.

ಹಳ್ಳಿಗಳ ಕಸುಬಿನ ಲೆಕ್ಕಾಚಾರ ಮಾತ್ರ ಬೇರೆ. ಅಲ್ಲಿ ಬಡಗಿ, ಕಮ್ಮಾರ ಮೊದಲಾದ ಆಯಗಾರರಿಗೆ ಕೆಲಸಕ್ಕೊಂದು ಕೂಲಿ ಇರಲಿಲ್ಲ. ವರ್ಷವಿಡೀ ನೇಗಿಲು, ಕುಂಟೆ, ಗುಳ ಸರಿಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯ ಅಳೆಸಿಕೊಂಡು ಹೋಗುತ್ತಿದ್ದರು. ಕಾರ್ಖಾನೆಯ ಬಡಗಿಗೆ ರೊಕ್ಕದ ಸಂಬಳ, ಹಳ್ಳಿಯ ಬಡಗಿಗೆ ರಾಗಿ. ಆದರೆ ಮಳೆ ಕೈಕೊಟ್ಟ ವರ್ಷ ರೈತನ ಜೊತೆಗೆ ಆಯಗಾರನ ಮಡಕೆಯೂ ಬರಿದಾಗುತ್ತಿತ್ತು ಎಂಬುದನ್ನು ಆಯ ಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಹಳ್ಳಿಕಾರ್ ಮತ್ತು ಅಮೃತಮಹಲ್ ಒಂದೇ ತಳಿಯೇ? ಸರ್ಕಾರದ ಹಿಂಡು ಮುಟ್ಟದ ರೈತರು ಎತ್ತನ್ನು ಹೇಗೆ ಆರಿಸುತ್ತಿದ್ದರು?

ಉತ್ತರ: ಒಂದೇ ಬಳಗ, ಬೇರೆ ಬೇರೆ ತಳಿ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಸೀಮೆಯ ದನಗಳು ಸೇರಿ ಅಮೃತಮಹಲ್ ರೂಪುಗೊಂಡಿತು. ಕೋಡುಗಳು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ ಚೂಪಾಗುವುದು ಎರಡಕ್ಕೂ ಸಮಾನ. ಹಾಲಿನಲ್ಲಿ ಎರಡೂ ಹಿಂದು, ದುಡಿಮೆಯಲ್ಲಿ ಎರಡೂ ಮುಂದು. ಹಳ್ಳಿಕಾರ್ ರೈತರ ಮನೆಯಂಗಳದಲ್ಲಿ ಬೆಳೆದುದರಿಂದ ಅದಕ್ಕೆ ಆ ಒರಟು ಸ್ವಭಾವವಿಲ್ಲ.

ರೈತರ ಆಯ್ಕೆ ನಡೆಯುತ್ತಿದ್ದುದು ದನದ ಜಾತ್ರೆಯಲ್ಲಿ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವುದು: ಹಾಲುಹಲ್ಲು ಉದುರಿ ಎರಡು ಹಲ್ಲಾದರೆ ಎರಡೂವರೆ ವರ್ಷದ ಆಸುಪಾಸು, ಎಂಟೂ ಬಂದು ಬಾಯಿಗೂಡಿದರೆ ಐದರ ಸುಮಾರು. ಆಮೇಲೆ ಸುಳಿ, ಗೊರಸು, ಬಾಲ. ಸುಳಿ ಕೆಟ್ಟದ್ದೆಂದು ಒಳ್ಳೆಯ ಎತ್ತಿನ ಬೆಲೆ ಇಳಿಸುವುದು ಚೌಕಾಸಿಯ ಹಳೆಯ ಉಪಾಯವೂ ಹೌದು. ಕೊನೆಗೆ ನಡೆಸಿ ನೋಡುವುದು. ಬೆಲೆಯನ್ನು ಬಾಯಲ್ಲಿ ಹೇಳದೆ, ದಲ್ಲಾಳಿ ವಲ್ಲಿಯ ಮರೆಯಲ್ಲಿ ಕೈಬೆರಳು ಹಿಡಿದು ತಿಳಿಸುತ್ತಿದ್ದ. ಎತ್ತು ಕೈಬದಲಾದ ಮೇಲೆ ಮೊದಲ ಖರ್ಚು ಲಾಳದ್ದು: ಸೀಳುಗೊರಸಾದುದರಿಂದ ಕಾಲಿಗೆ ಎರಡರಂತೆ ಎಂಟು ಬಿಲ್ಲೆ ಬೇಕು. ಎತ್ತನ್ನು ಹಗ್ಗದಿಂದ ಕೆಡವಿ, ನಾಲ್ಕೂ ಕಾಲು ಸೇರಿಸಿ ಬಿಗಿದು, ಗೊರಸು ಹೆರೆದು ಮೊಳೆ ಹೊಡೆಯುವ ಈ ಕೆಲಸದವರು ಜಾತ್ರೆಯ ಅಂಚಿನಲ್ಲೇ ಠಿಕಾಣಿ ಹೂಡಿರುತ್ತಿದ್ದರು.